ಲಾರಿಯ ಮೇಲಿನ ಕಡ್ಡಿ



ನಮ್ಮ ಗುಬ್ಬಿಯ ಬಿ.ಎಚ್. ರಸ್ತೆ ನಿಮಗೆಲ್ಲ ಗೊತ್ತು. ಬಿ ಅಂದರೆ ಬೆಂಗಳೂರು. ಎಚ್ ಅಂದರೆ ಹೊನ್ನಾವರ. ಹಗಲು ರಾತ್ರಿ ಎನ್ನದೆ ಈ ರಸ್ತೆಯಲ್ಲಿ ಲಾರಿಗಳು ಓಡುತ್ತವೆ. ನಮ್ಮ ತೋಟದ ತೆಂಗಿನಕಾಯಿ, ಅಡಿಕೆ ಹೋಗುವುದು ಲಾರಿಯಲ್ಲಿ. ಮನೆ ಕಟ್ಟುವ ಸಿಮೆಂಟು, ಕಬ್ಬಿಣ ಬರುವುದೂ ಲಾರಿಯಲ್ಲಿ. ಲಾರಿ ಓಡಿಸುವ ಗಂಡ, ಮಗ, ತಮ್ಮ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದ್ದಾರೆ.

ಒಂದು ಸಂಜೆ ಕಲಿಕೆ ಕೇಂದ್ರದಲ್ಲಿ ನಾವು ಅಡಿ, ಅಂಗುಲದ ಲೆಕ್ಕ ಮಾಡಿಸುತ್ತಿದ್ದೆವು. ಒಬ್ಬ ಅಕ್ಕ ಸ್ಲೇಟು ಕೆಳಗಿಟ್ಟು ಕೇಳಿದರು.

“ಟೀಚರ್, ನನ್ನ ಮಗ ಲಾರಿ ಡ್ರೈವರು. ಮೊಬೈಲಿನಲ್ಲಿ ಅಮೆರಿಕದ ಲಾರಿ ನೋಡಿದ್ದಾನೆ. ಅದರ ಎರಡೂ ಕಡೆ ಉದ್ದುದ್ದ ಕಡ್ಡಿ ಇದೆಯಂತೆ. ಅದರಲ್ಲಿ ಡ್ರೈವರುಗಳು ಒಬ್ಬರಿಗೊಬ್ಬರು ಮಾತಾಡಿಕೊಳ್ತಾರಂತೆ. ನಾನೂ ಹಾಕಿಸ್ತೀನಿ ಕಣಮ್ಮ ಅಂತಾನೆ. ಒಂಬತ್ತು ಅಡಿ ಕಡ್ಡಿಯಂತೆ! ದುಡ್ಡು ಕೇಳ್ತಿದ್ದಾನೆ. ನಾನೇನು ಹೇಳಲಿ?”

ನಮಗೂ ಗೊತ್ತಿರಲಿಲ್ಲ. “ತಿಳಿದುಕೊಂಡು ಹೇಳ್ತೀವಿ ಅಕ್ಕಾ” ಅಂದೆವು. ಪುಸ್ತಕ ಓದಿದೆವು. ರೇಡಿಯೋ ರಿಪೇರಿ ಮಾಡುವವರನ್ನು ಕೇಳಿದೆವು. ಲಾರಿ ನಿಲ್ಲುವ ಕಡೆ ಹೋಗಿ ಕ್ಯಾಬಿನ್ ಹತ್ತಿ ನೋಡಿದೆವು. ಸೀರೆ ಉಟ್ಟು ಲಾರಿ ಹತ್ತುವುದು ಎಷ್ಟು ಕಷ್ಟ ಎಂಬುದೂ ಆ ದಿನ ಗೊತ್ತಾಯಿತು. ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ. ನಿಧಾನವಾಗಿ ಓದಿ. ಲೆಕ್ಕ ಬಂದ ಕಡೆ ಸ್ಲೇಟು ತೆಗೆದುಕೊಳ್ಳಿ.

ಆ ಕಡ್ಡಿಗೆ ಆಂಟೆನಾ ಅಂತ ಹೆಸರು. ಏರಿಯಲ್ ಅಂತಲೂ ಕರೆಯುತ್ತಾರೆ. ಕೆರೆಗೆ ಕಲ್ಲು ಎಸೆದರೆ ಅಲೆ ಏಳುತ್ತದೆ ಅಲ್ಲವೇ? ಅಲೆ ಸುತ್ತಲೂ ಹರಡಿ ದಡ ಮುಟ್ಟುತ್ತದೆ. ರೇಡಿಯೋ ಕೇಂದ್ರದಿಂದಲೂ ಹೀಗೇ ಅಲೆ ಹೊರಡುತ್ತದೆ. ಆ ಅಲೆ ಕಣ್ಣಿಗೆ ಕಾಣದು, ಕೈಗೆ ಸಿಗದು. ಒಂದು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಲೋಹದ ಕಡ್ಡಿಗೆ ಬಡಿದಾಗ ಅದರಲ್ಲಿ ಬಹಳ ಸಣ್ಣ ಕರೆಂಟು ಹುಟ್ಟುತ್ತದೆ. ಆ ಕರೆಂಟನ್ನು ರೇಡಿಯೋ ಪೆಟ್ಟಿಗೆ ದೊಡ್ಡದು ಮಾಡಿ ಮಾತು, ಹಾಡು ಮಾಡುತ್ತದೆ. ನಮ್ಮ ನಾಡಿಗೆ ಇದು ಹೊಸದಲ್ಲ. 1935ರಲ್ಲೇ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅನ್ನುವ ಕಾಲೇಜು ಮೇಷ್ಟ್ರು ತಮ್ಮ ಮನೆಯಿಂದ ರೇಡಿಯೋ ಕೇಂದ್ರ ನಡೆಸಿದರು. ‘ಆಕಾಶವಾಣಿ’ ಅನ್ನುವ ಹೆಸರು ಬಂದದ್ದು ಅಲ್ಲಿಂದ.

ಈಗ ಕಡ್ಡಿಯ ಉದ್ದದ ವಿಷಯ. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಯವರೆಗೆ ಇರುವ ದೂರವೇ ಅಲೆಯ ಉದ್ದ. ಒಳ್ಳೆಯ ಕಡ್ಡಿ ಅಲೆಯ ಉದ್ದದ ಕಾಲು ಭಾಗ ಇರಬೇಕು. ಇದಕ್ಕೆ ಸುಲಭದ ಲೆಕ್ಕ ಇದೆ. 300ನ್ನು ಸ್ಟೇಷನ್ನಿನ ನಂಬರಿನಿಂದ ಭಾಗಿಸಿ. ಅಲೆಯ ಉದ್ದ ಮೀಟರಿನಲ್ಲಿ ಬರುತ್ತದೆ.

ಎಫ್.ಎಂ. ಸ್ಟೇಷನ್ನುಗಳ ನಂಬರು 100ರ ಆಸುಪಾಸು ಇರುತ್ತದೆ. ಬೆಂಗಳೂರಿನ ಆಕಾಶವಾಣಿ ಎಫ್.ಎಂ. ನಂಬರು 101.3. ವಿವಿಧ ಭಾರತಿ 102.9. ಲೆಕ್ಕ ಸುಲಭವಾಗಲಿ ಅಂತ 100 ಅಂತಲೇ ಇಟ್ಟುಕೊಳ್ಳೋಣ. 300ನ್ನು 100ರಿಂದ ಭಾಗಿಸಿದರೆ 3. ಅಂದರೆ ಅಲೆಯ ಉದ್ದ 3 ಮೀಟರ್. ಅದರ ಕಾಲು ಭಾಗ ಮುಕ್ಕಾಲು ಮೀಟರ್. ಸುಮಾರು ಎರಡೂವರೆ ಅಡಿ. ಕಾರಿನ ಮೇಲೆ, ಜೀಪಿನ ಮೇಲೆ ಎರಡೂವರೆ ಅಡಿ ಕಡ್ಡಿ ನೋಡಿದ್ದೀರಲ್ಲ? ಅದು ಯಾಕೆ ಅಷ್ಟೇ ಉದ್ದ ಅಂತ ಈಗ ತಿಳಿಯಿತು.

ಅಮೆರಿಕದ ಲಾರಿಯವರು ಮಾತಾಡುವ ರೇಡಿಯೋದ ನಂಬರು 27. 300ನ್ನು 27ರಿಂದ ಭಾಗಿಸಿದರೆ 11 ಮೀಟರ್ ಚಿಲ್ಲರೆ. ಕಾಲು ಭಾಗ ಎರಡೂಮುಕ್ಕಾಲು ಮೀಟರ್. ಅಂದರೆ 9 ಅಡಿ. ಅಕ್ಕನ ಮಗ ಹೇಳಿದ 9 ಅಡಿ ಇದೇ. ಹುಡುಗ ಸುಳ್ಳು ಹೇಳಿರಲಿಲ್ಲ.

ಆ ರೇಡಿಯೋಗೆ ಅಲ್ಲಿ ಸಿ.ಬಿ. ರೇಡಿಯೋ ಅನ್ನುತ್ತಾರೆ. ಸಾಮಾನ್ಯ ಜನರ ರೇಡಿಯೋ ಅಂತ ಅರ್ಥ. 1958ರಿಂದ ಅಲ್ಲಿನ ಜನ ಈ 27ರ ಪಟ್ಟಿಯಲ್ಲಿ ಮಾತಾಡುತ್ತಿದ್ದಾರೆ. 1973ರಲ್ಲಿ ಪೆಟ್ರೋಲು, ಡೀಸೆಲಿಗೆ ಬರ ಬಂತು. ಯಾವ ಬಂಕಿನಲ್ಲಿ ಡೀಸೆಲ್ ಇದೆ, ಎಲ್ಲಿ ರಸ್ತೆ ಕಟ್ಟಾಗಿದೆ, ಎಲ್ಲಿ ಪೊಲೀಸರು ನಿಂತಿದ್ದಾರೆ ಅಂತ ಲಾರಿಯವರು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಇದನ್ನೇ ಹಿಡಿದರು. 1977ರಿಂದ ಅದಕ್ಕೆ 40 ಚಾನೆಲ್ ಆದವು. ಲಾರಿಯವರು ಸೇರುವುದು 19ನೇ ಚಾನೆಲ್ಲಿನಲ್ಲಿ. ಇದು ಫೋನಿನ ಹಾಗಲ್ಲ. ಒತ್ತುಗುಂಡಿ ಒತ್ತಿ ಒಬ್ಬರು ಮಾತಾಡಬೇಕು. ಅವರು ಗುಂಡಿ ಬಿಟ್ಟ ಮೇಲೆ ಇನ್ನೊಬ್ಬರು. ಹತ್ತಿರದಲ್ಲಿರುವ ಎಲ್ಲರಿಗೂ ಕೇಳುತ್ತದೆ. ಗುಟ್ಟು ಮಾತಿಗೆ ಇದು ಆಗದು!

ನಮ್ಮ ದೇಶದಲ್ಲಿ 1980ರ ದಶಕದವರೆಗೆ ಮನೆಯಲ್ಲಿ ಹಾಡು ಕೇಳುವ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ನಿಮ್ಮ ಅತ್ತೆಯವರನ್ನು ಕೇಳಿ, ಹೇಳುತ್ತಾರೆ. ಮಾತಾಡುವ ರೇಡಿಯೋ ಅಂದರೆ ಇನ್ನೂ ಬಿಗಿ. 2005ರಲ್ಲಿ ಸರ್ಕಾರ 27ರ ಪಟ್ಟಿಯ ಸಣ್ಣ ಶಕ್ತಿಯ ರೇಡಿಯೋಗಳಿಗೆ ಲೈಸೆನ್ಸ್ ಬೇಡ ಅಂದಿತು. ಆದರೆ ಅಷ್ಟರಲ್ಲಿ ಡ್ರೈವರುಗಳ ಜೇಬಿಗೆ ಮೊಬೈಲ್ ಬಂದಿತ್ತು. ಹಾಗಾಗಿ ನಮ್ಮ ಲಾರಿಯವರಲ್ಲಿ ಇದು ಬಳಕೆಗೆ ಬರಲಿಲ್ಲ. ಇನ್ನೊಂದು ಮಾತು. ಅಂಗಡಿಯಲ್ಲಿ, ಮೊಬೈಲಿನಲ್ಲಿ ‘ವಾಕಿಟಾಕಿ’ ಅಂತ ಮಾರುವ ಎಲ್ಲ ಪೆಟ್ಟಿಗೆಗೂ ಈ ವಿನಾಯಿತಿ ಇಲ್ಲ. ಪೊಲೀಸರ ಅಲೆ, ವಿಮಾನದ ಅಲೆ ಕೆಡಿಸುವ ಪೆಟ್ಟಿಗೆ ಕೊಂಡರೆ ದಂಡ, ಕೇಸು ಎಲ್ಲ ಆಗುತ್ತದೆ. ಹೊರಗೆ ದೊಡ್ಡ ಕಡ್ಡಿ ಹಾಕಿಸುವ ಮುಂಚೆಯೂ ನಿಯಮ ಏನಿದೆ ಅಂತ ದೂರಸಂಪರ್ಕ ಇಲಾಖೆಯಲ್ಲಿ ಕೇಳಿ ತಿಳಿಯಬೇಕು.

ಇರಲಿ. ಕಡ್ಡಿಯನ್ನು ಲಾರಿಗೆ ಕೂರಿಸುವುದು ಹೇಗೆ? ಇದರಲ್ಲಿ ಒಂದು ಸ್ವಾರಸ್ಯ ಇದೆ.

ಬೀಸುವ ಕಲ್ಲು ನೋಡಿ. ಮೇಲಿನ ಕಲ್ಲೊಂದೇ ಇದ್ದರೆ ರಾಗಿ ಹಿಟ್ಟಾಗುತ್ತದೆಯೇ? ಕೆಳಗಿನ ಕಲ್ಲೂ ಬೇಕು. ಆಂಟೆನಾ ಕೂಡ ಹಾಗೇ. ಕಡ್ಡಿ ಮೇಲಿನ ಕಲ್ಲು. ಕಡ್ಡಿಯ ಕೆಳಗಿರುವ ಲಾರಿಯ ತಗಡು ಕೆಳಗಿನ ಕಲ್ಲು. ಎರಡೂ ಸೇರಿದರೇ ಕೆಲಸ. ಮನೆಯಲ್ಲಿ ಸಣ್ಣ ಎಫ್.ಎಂ. ರೇಡಿಯೋ ಇದ್ದರೆ ಹೀಗೆ ಮಾಡಿ. ಸರಿಯಾಗಿ ಕೇಳದ ಸ್ಟೇಷನ್ ಹಚ್ಚಿ ಮೇಜಿನ ಮೇಲಿಡಿ. ಗೊರಗೊರ ಅನ್ನುತ್ತದೆ. ಈಗ ರೇಡಿಯೋವನ್ನು ಕೈಯಲ್ಲಿ ಹಿಡಿದುಕೊಳ್ಳಿ. ಎಷ್ಟೋ ಸಲ ದನಿ ತಿಳಿಯಾಗುತ್ತದೆ. ನಿಮ್ಮ ಮೈಯೇ ಆಗ ಆಂಟೆನಾದ ಭಾಗವಾಗಿರುತ್ತದೆ.

ಎಲ್ಲಾ ಕಡೆ ತಗಡಿದ್ದರೆ ತೊಂದರೆ ಇಲ್ಲ. ಆದರೆ ಅಮೆರಿಕದ ಈಗಿನ ಟ್ರೇಲರ್ ಲಾರಿಗಳ ಬಾನೆಟ್ಟು, ಗಾಳಿ ಸೀಳುವ ಮೇಲ್ಭಾಗ ಎಲ್ಲ ಫೈಬರ್, ಪ್ಲಾಸ್ಟಿಕ್. ಅದರ ಮೇಲೆ ಕಡ್ಡಿ ನೆಟ್ಟರೆ ಕೆಳಗಿನ ಕಲ್ಲು ಇಲ್ಲದ ಹಾಗೆ. ಅದಕ್ಕೇ ಅವರು ಕನ್ನಡಿ ಹಿಡಿದಿರುವ ಕಬ್ಬಿಣದ ತೋಳಿಗೆ ಕಡ್ಡಿ ಕಟ್ಟುತ್ತಾರೆ. ಹಿಂದಿನ ಟ್ರೇಲರ್ ಎತ್ತರವಾಗಿ ಗೋಡೆಯ ಹಾಗೆ ಅಡ್ಡ ನಿಲ್ಲುತ್ತದೆ. ಅದಕ್ಕೆ ಎಡಕ್ಕೊಂದು, ಬಲಕ್ಕೊಂದು ಕಡ್ಡಿ. ಕೆಲವು ಲಾರಿಗಳಲ್ಲಿ ಕಂಪನಿಯವರೇ ವಯರು ಎಳೆದು ಕೊಟ್ಟಿರುತ್ತಾರೆ.

ನಮ್ಮ ಕಡೆ ಇನ್ನೊಂದು ಬಗೆ. ಹಿಂದೆಲ್ಲ ಕಂಪನಿಯಿಂದ ಬರುತ್ತಿದ್ದುದು ಎಂಜಿನ್, ಚಕ್ರ, ಚಾಸಿಸ್ ಇಷ್ಟೇ. ಕ್ಯಾಬಿನ್ ಕಟ್ಟುತ್ತಿದ್ದುದು ನಮ್ಮ ಬಡಗಿಗಳು. ಮರದ ಚೌಕಟ್ಟು, ಮೇಲೆ ತೆಳು ತಗಡು, ಒಳಗೆ ಬಣ್ಣ ಬಣ್ಣದ ಕುಸುರಿ. ನೋಡಲು ಚಂದ. ಆದರೆ ಮರದ ಮೇಲೆ ಕಡ್ಡಿ ನೆಟ್ಟರೆ ಪ್ರಯೋಜನ ಕಡಿಮೆ. ಅಂಥ ಕಡೆ ಕಡ್ಡಿಯ ಬುಡದಿಂದ ಕಬ್ಬಿಣದ ಚಾಸಿಸ್ಸಿಗೆ ಅಗಲವಾದ ತಾಮ್ರದ ಪಟ್ಟಿ ಹಾಕಬೇಕು. ಈಗೀಗ ಕಂಪನಿಯಲ್ಲೇ ಮಾಡಿದ ಕ್ಯಾಬಿನ್ ಹೆಚ್ಚು. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಇರಲೇಬೇಕು ಅಂತ ಕಾನೂನು ಬಂದಿದೆ. ಬೇಸಿಗೆಯಲ್ಲಿ ಎಂಜಿನ್ ಪಕ್ಕ ಬೆಂದು ಬರುವ ಗಂಡಸರನ್ನು ನೋಡಿದವರಿಗೆ ಇದು ಎಷ್ಟು ತಡವಾಗಿ ಬಂತು ಅನ್ನಿಸದೆ ಇರದು.

ರಿಪೇರಿಯವರು ಹೇಳಿದ ಇನ್ನೂ ಕೆಲವು ಮಾತು:

ಕಡ್ಡಿ ಕೂರುವ ಜಾಗದಲ್ಲಿ ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗುವ ಹಾಗೆ ಬುಡ ಬಿಗಿಯಬೇಕು. ಆದರೆ ಕಡ್ಡಿ ಮಾತ್ರ ತಗಡಿಗೆ ತಾಗಬಾರದು. ನಡುವೆ ಪ್ಲಾಸ್ಟಿಕ್ ವಾಷರು ಇರುತ್ತದೆ. ಅದನ್ನು ಹಿಂದು ಮುಂದು ಹಾಕಿದರೆ ಎಲ್ಲ ಕೆಟ್ಟಿತು. ವಯರನ್ನು ಬಾಗಿಲ ಸಂದಿಯಲ್ಲಿ ಜಜ್ಜಿಸಬಾರದು. ಒಳಗೆ ಬರುವ ಮುಂಚೆ ವಯರು ಸ್ವಲ್ಪ ಕೆಳಗೆ ಬಾಗಿ ಬರಲಿ. ಆಗ ಮಳೆ ನೀರು ಬಾಗಿದ ಕಡೆಯೇ ತೊಟ್ಟಿಕ್ಕಿ ಹೋಗುತ್ತದೆ, ಪೆಟ್ಟಿಗೆಗೆ ಬರುವುದಿಲ್ಲ. ಕಡ್ಡಿ ಕಟ್ಟದೆ ಮಾತಾಡುವ ಗುಂಡಿ ಒತ್ತಬಾರದು. ಹೊರಗೆ ಹೋಗಬೇಕಾದ ಶಕ್ತಿ ಹೋಗಲು ದಾರಿ ಇಲ್ಲದೆ ವಾಪಸು ಬಂದು ಪೆಟ್ಟಿಗೆಯನ್ನೇ ಸುಡುತ್ತದೆ. ಶಕ್ತಿ ಎಷ್ಟು ವಾಪಸು ಬರುತ್ತಿದೆ ಅಂತ ನೋಡಲು ಒಂದು ಮೀಟರ್ ಇದೆ. ಅದರ ಮುಳ್ಳು 1ರ ಹತ್ತಿರ ಇದ್ದರೆ ಉತ್ತಮ. 2ರ ತನಕ ಆಗಬಹುದು. 3 ತೋರಿಸಿದರೆ ನಿಲ್ಲಿಸಿ, ಎಲ್ಲಿ ತಪ್ಪಾಗಿದೆ ಹುಡುಕಬೇಕು.

ಬ್ಯಾಟರಿಯ ವಿಷಯವೂ ಇದೆ. ದೊಡ್ಡ ಲಾರಿಯಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್. ಕಾರಿನ ರೇಡಿಯೋ 12 ವೋಲ್ಟಿನದು. ನೇರ ಕೊಟ್ಟರೆ ಒಂದೇ ಕ್ಷಣ, ಹೊಗೆ!

ಇಷ್ಟು ಕೇಳಿ ಅಕ್ಕ ಅಂದರು: “ಅದೆಲ್ಲ ಸರಿ. ನಮ್ಮ ತೋಟಕ್ಕೆ ಕಾಯಿ ತುಂಬಕ್ಕೆ ಅವನ ಲಾರಿ ಬರುತ್ತೆ. ದಾರಿಯಲ್ಲಿ ಕರೆಂಟ್ ತಂತಿ ಇದೆಯಲ್ಲ?”

ನಮ್ಮ ಎಲ್ಲ ಓದಿಗಿಂತ ಆ ಪ್ರಶ್ನೆ ದೊಡ್ಡದಾಗಿತ್ತು. ನಾವು ಅದನ್ನು ಯೋಚಿಸಿಯೇ ಇರಲಿಲ್ಲ. ಎಲ್ಲರೂ ಸೇರಿ ಲೆಕ್ಕ ಮಾಡಿದೆವು. ನೀವೂ ಮಾಡಿ.

ನೆಲದಿಂದ ಲಾರಿ ಕ್ಯಾಬಿನ್ನಿನ ನೆತ್ತಿ ಸುಮಾರು 9 ಅಡಿ. ಅದರ ಮೇಲೆ 9 ಅಡಿ ಕಡ್ಡಿ. ಕೂಡಿದರೆ 18 ಅಡಿ. ಕನ್ನಡಿಯ ಹತ್ತಿರ ಕಟ್ಟಿದರೆ? ಅಲ್ಲಿಗೆ 6 ಅಡಿ, ಕಡ್ಡಿ 9 ಅಡಿ. ಕೂಡಿದರೆ 15 ಅಡಿ.

ಈಗ ತಂತಿಯ ಎತ್ತರ. ರಸ್ತೆ ದಾಟುವ ಕಡೆ ಮನೆಗೆ ಹೋಗುವ ಲೈನು ನೆಲದಿಂದ 5.8 ಮೀಟರ್ ಮೇಲಿರಬೇಕು ಅಂತ ನಿಯಮ. ಅಂದರೆ 19 ಅಡಿ. 11 ಸಾವಿರ ವೋಲ್ಟಿನ ಲೈನು 6.1 ಮೀಟರ್, ಅಂದರೆ 20 ಅಡಿ. ಆದರೆ ರಸ್ತೆ ಬಿಟ್ಟು ಹೊಲ, ತೋಟದ ಮೇಲೆ ಹೋಗುವ 11 ಸಾವಿರ ವೋಲ್ಟಿನ ಬರಿ ತಂತಿಗೆ 4.6 ಮೀಟರ್ ಇದ್ದರೂ ನಿಯಮಕ್ಕೆ ಸಾಕು. 4.6 ಮೀಟರ್ ಅಂದರೆ 15 ಅಡಿ!

ಕನ್ನಡಿ ಹತ್ತಿರ ಕಟ್ಟಿದ ಕಡ್ಡಿಯ ತುದಿ 15 ಅಡಿ. ತೋಟದ ತಂತಿಯೂ 15 ಅಡಿ. ನೆತ್ತಿಯ ಮೇಲೆ ಕಟ್ಟಿದರೆ 18 ಅಡಿ, ಅಂದರೆ ತಂತಿಗಿಂತ 3 ಅಡಿ ಮೇಲೆ. ಇದು ನಿಯಮದ ಪ್ರಕಾರ ಇರುವ ತಂತಿಯ ಮಾತು. ಬೇಸಿಗೆಯಲ್ಲಿ ತಂತಿ ಬಿಸಿಯಾಗಿ ಉದ್ದವಾಗಿ ಜೋಲುತ್ತದೆ. ಕಂಬ ವಾಲಿದರೂ ಜೋಲುತ್ತದೆ. ತೋಟದ ದಾರಿಗೆ ಮಣ್ಣು ಹೊಡೆಸಿ ಎತ್ತರ ಮಾಡಿದ್ದರೆ ತಂತಿ ಇನ್ನೂ ಹತ್ತಿರ ಬಂದ ಹಾಗೆ. 11 ಸಾವಿರ ವೋಲ್ಟಿನ ತಂತಿಗೆ ಮುಟ್ಟಲೇಬೇಕು ಅಂತಲೂ ಇಲ್ಲ. ತೀರಾ ಹತ್ತಿರ ಹೋದರೆ ಕರೆಂಟೇ ಹಾರಿ ಬರುತ್ತದೆ.

ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹುಲ್ಲು ತುಂಬಿದ ಲಾರಿ, ಟ್ರಾಕ್ಟರ್ ತಂತಿಗೆ ತಗುಲಿ ಹೊತ್ತಿ ಉರಿದ ಸುದ್ದಿ ನಾವು ಕೇಳಿದ್ದೇವೆ. ಕಾಯಿ ಕೀಳುವ ಅಲ್ಯೂಮಿನಿಯಂ ದೋಟಿ ತಂತಿಗೆ ತಾಗಿ ಜೀವ ಹೋದದ್ದನ್ನೂ ಕೇಳಿದ್ದೇವೆ. ಲಾರಿಯ ಕಡ್ಡಿಯೂ ಅಂಥದ್ದೇ ಒಂದು ದೋಟಿ. ದೋಟಿಯನ್ನಾದರೂ ಕೈಯಲ್ಲಿ ಹಿಡಿದು ಮೇಲೆ ನೋಡುತ್ತೇವೆ. ಲಾರಿ ಓಡಿಸುವವನು ರಸ್ತೆ ನೋಡುತ್ತಾನೆ, ಮೇಲೆ ನೋಡುವುದಿಲ್ಲ.

ಲಾರಿ, ಟ್ರಾಕ್ಟರ್ ತಂತಿಗೆ ತಗುಲಿದರೆ ಏನು ಮಾಡಬೇಕು? ಇದನ್ನು ಎರಡು ಸಲ ಓದಿ. ಮನೆಯ ಗಂಡಸರಿಗೂ ಓದಿ ಹೇಳಿ.

ಒಳಗಿದ್ದವರು ಇಳಿಯಬಾರದು. ಒಳಗೇ ಕೂತಿರಬೇಕು. ಗಾಡಿಯನ್ನು ಹಿಂದಕ್ಕೋ ಮುಂದಕ್ಕೋ ಓಡಿಸಿ ತಂತಿಯಿಂದ ಬಿಡಿಸಲು ಆದರೆ ಓಡಿಸಬಹುದು. ಕೆಳಗಿದ್ದವರು ಗಾಡಿ ಮುಟ್ಟಬಾರದು, ಹತ್ತಿರ ಓಡಿ ಹೋಗಬಾರದು. ಕಡಿಮೆ ಅಂದರೂ 30 ಅಡಿ ದೂರ ನಿಲ್ಲಬೇಕು. ಬೆಸ್ಕಾಂಗೆ 1912 ನಂಬರಿಗೆ ಫೋನ್ ಮಾಡಿ ಲೈನ್ ತೆಗೆಸಬೇಕು. ಪೊಲೀಸು, ಆಂಬುಲೆನ್ಸಿಗೆ 112. ಕರೆಂಟ್ ಹೋಗಿದೆ ಅಂತ ಬೆಸ್ಕಾಂನವರು ಹೇಳುವ ತನಕ ಕಾಯಬೇಕು. ಯಾಕೆ ಅಂದರೆ ಹೋದ ಕರೆಂಟ್ ತಾನಾಗಿ ವಾಪಸು ಬರುವುದುಂಟು.

ಗಾಡಿಗೆ ಬೆಂಕಿ ಹತ್ತಿ ಇಳಿಯಲೇಬೇಕಾದರೆ? ಮೆಟ್ಟಿಲು ಹಿಡಿದು ಇಳಿಯಬಾರದು. ಒಂದು ಕೈ ಗಾಡಿಯ ಮೇಲೆ, ಒಂದು ಕಾಲು ನೆಲದ ಮೇಲೆ ಆದರೆ ಕರೆಂಟ್ ನಮ್ಮ ಮೈಯಲ್ಲಿ ಹಾದು ನೆಲಕ್ಕೆ ಹೋಗುತ್ತದೆ. ಎರಡೂ ಕಾಲು ಜೋಡಿಸಿ ದೂರಕ್ಕೆ ನೆಗೆಯಬೇಕು. ಆಮೇಲೆ ಹೆಜ್ಜೆ ಹಾಕಿ ಓಡಬಾರದು. ಜೋಡಿಗಾಲಿನಲ್ಲೇ ಕುಪ್ಪಳಿಸುತ್ತಾ ದೂರ ಹೋಗಬೇಕು. ನೆಲದಲ್ಲಿ ಹರಡಿದ ಕರೆಂಟ್ ಗಾಡಿಯ ಹತ್ತಿರ ಹೆಚ್ಚು, ದೂರ ಹೋದಂತೆ ಕಡಿಮೆ. ಕಾಲು ಅಗಲಿಸಿದರೆ ಒಂದು ಕಾಲು ಹೆಚ್ಚಿನ ಕಡೆ, ಇನ್ನೊಂದು ಕಾಲು ಕಡಿಮೆ ಕಡೆ ಬಿದ್ದು, ಆ ಕಾಲಿನಿಂದ ಈ ಕಾಲಿಗೆ ಕರೆಂಟ್ ಹರಿಯುತ್ತದೆ. ತಂತಿ ಬಿದ್ದ ಗದ್ದೆಯಲ್ಲಿ ಹಸು, ಎಮ್ಮೆ ಬೇಗ ಸಾಯುವುದು ಇದಕ್ಕೇ. ಅವುಗಳ ಮುಂಗಾಲಿಗೂ ಹಿಂಗಾಲಿಗೂ ಬಹಳ ದೂರ.

ಉದ್ದ ಕಡ್ಡಿ ಬೇಡ ಅನ್ನುವವರಿಗೆ ಗಿಡ್ಡ ಕಡ್ಡಿಯೂ ಇದೆ. ಫೈಬರ್ ಕೋಲಿಗೆ ತಾಮ್ರದ ತಂತಿಯನ್ನು ಸುರುಳಿ ಸುತ್ತಿ 3–4 ಅಡಿಯಲ್ಲೇ ಮುಗಿಸುತ್ತಾರೆ. ದೂರ ಸ್ವಲ್ಪ ಕಡಿಮೆ ಆಗುತ್ತದೆ, ಅಪಾಯವೂ ಕಡಿಮೆ. ಕನ್ನಡಿ ಹತ್ತಿರ ಕಟ್ಟಿದರೆ 6 ಕೂಡಿಸು 4, ಹತ್ತು ಅಡಿ. ತುಂಬಿದ ಲೋಡಿಗಿಂತ ಕೆಳಗೇ ಉಳಿಯುತ್ತದೆ.

ಈಗಿನ ಲಾರಿಗಳಲ್ಲಿ ಕಡ್ಡಿಯೇ ಇಲ್ಲದ ಆಂಟೆನಾಗಳೂ ಇವೆ. ಮುಂದಿನ ಗಾಜಿಗೆ ಅಂಟಿಸುವ ಫಾಸ್ಟ್ಯಾಗ್ ನೋಡಿದ್ದೀರಿ. 2021ರ ಫೆಬ್ರವರಿಯಿಂದ ಟೋಲ್ ದಾಟಲು ಅದು ಬೇಕೇ ಬೇಕು. ಆ ಚೀಟಿಯ ಒಳಗೆ ಕೂದಲಿನಂಥ ಲೋಹದ ಗೆರೆ ಇದೆ. ಅದೇ ಆಂಟೆನಾ. ಅದಕ್ಕೆ ಬ್ಯಾಟರಿ ಇಲ್ಲ. ಟೋಲ್‌ನ ಯಂತ್ರ ಕಳಿಸುವ ಅಲೆಯಿಂದಲೇ ಶಕ್ತಿ ತೆಗೆದುಕೊಂಡು ತನ್ನ ನಂಬರು ಹೇಳುತ್ತದೆ. ಅದನ್ನು ಗಾಜಿಗೇ ಅಂಟಿಸಬೇಕು, ತಗಡಿನ ಮೇಲೆ ಅಂಟಿಸಿದರೆ ಕೆಲಸ ಮಾಡದು. ಲಾರಿ ಎಲ್ಲಿದೆ ಅಂತ ತೋರಿಸುವ ಜಿ.ಪಿ.ಎಸ್. ಪೆಟ್ಟಿಗೆಯ ಆಂಟೆನಾ ಬೆಂಕಿಪೊಟ್ಟಣದಷ್ಟೇ ಇರುತ್ತದೆ. ಅದಕ್ಕೆ ಆಕಾಶ ಕಾಣಬೇಕು, ಮೇಲೆ ತಗಡು ಮುಚ್ಚಿರಬಾರದು. ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಶುರುವಾಯಿತಲ್ಲ, ಆ ಹೆಲಿಕಾಪ್ಟರುಗಳ ಮೈಮೇಲೂ ಆಂಟೆನಾ ಇರುತ್ತವೆ.

ಅಕ್ಕ ಆ ರಾತ್ರಿ ಮಗನಿಗೆ ಫೋನ್ ಮಾಡಿದರು. ಏನು ಹೇಳಿದರು ಅಂತ ಮಾರನೆಯ ದಿನ ನಮಗೆ ಹೇಳಿದರು.

“ನೀನೊಬ್ಬ ಹಾಕಿಸಿಕೊಂಡರೆ ಯಾರ ಜೊತೆ ಮಾತಾಡ್ತೀಯಪ್ಪಾ? ಬೇರೆ ಲಾರಿಯವರ ಹತ್ತಿರ ಇದೆಯಾ ಅಂದೆ. ಇಲ್ಲ ಅಂದ. ತೋಟದ ತಂತಿ ಹದಿನೈದು ಅಡಿ, ನಿನ್ನ ಕಡ್ಡಿ ಹದಿನೈದು ಅಡಿ, ಲೆಕ್ಕ ನೀನೇ ಹಾಕು ಅಂದೆ. ಲೆಕ್ಕ ಯಾರಮ್ಮ ಹೇಳಿಕೊಟ್ಟಿದ್ದು ಅಂದ. ನಾನೇ ಮಾಡಿದ್ದು ಕಣೋ ಅಂದೆ.”

ಹುಡುಗ ಎರಡೂವರೆ ಅಡಿಯ ಎಫ್.ಎಂ. ಕಡ್ಡಿ ಹಾಕಿಸಿಕೊಂಡ. ಬುಡದಲ್ಲಿ ಸ್ಪ್ರಿಂಗ್ ಇದೆ, ಕೊಂಬೆ ತಾಗಿದರೆ ಬಾಗುತ್ತದೆ. ಹಾಡು, ಸುದ್ದಿ ಕೇಳುತ್ತದೆ. ಅಕ್ಕ ಒಂದು ಚೀಟಿ ಬರೆದು ಅವನ ಕ್ಯಾಬಿನ್ನಿನಲ್ಲಿ, ದೇವರ ಪಟದ ಪಕ್ಕ ಅಂಟಿಸಿದ್ದಾರೆ. ಅಕ್ಷರ ಸ್ವಲ್ಪ ಸೊಟ್ಟ, ‘ಡಿ’ಗೆ ಗುಡಿಸು ಒಂದು ಕಡೆ ಮರೆತಿದೆ. ಓದಲು ಏನೂ ತೊಂದರೆ ಇಲ್ಲ:

‘ತೋಟದ ತಂತಿ 15 ಅಡಿ. ಲೋಡು ಅಳೆದು ತುಂಬು. ತಗುಲಿದರೆ ಇಳಿಯಬೇಡ. 1912.’

ಓದಿ, ಲೆಕ್ಕ ಮಾಡಿ, ಬರೆಯಿರಿ

1. ಲಾರಿಯ ತಳ ನೆಲದಿಂದ 4 ಅಡಿ. ಅದರ ಮೇಲೆ 10 ಅಡಿ ಹುಲ್ಲು ತುಂಬಿದರೆ ಒಟ್ಟು ಎತ್ತರ ಎಷ್ಟು? 15 ಅಡಿ ತಂತಿಗೆ ಎಷ್ಟು ಅಂತರ ಉಳಿಯಿತು? ಹುಲ್ಲಿನ ಮೇಲೆ ಒಬ್ಬರು ಕೂತಿದ್ದರೆ?

2. ನಿಮ್ಮ ಮನೆಯ ದೋಟಿ ಎಷ್ಟು ಅಡಿ? ಬಿದಿರಿನದೋ, ಕಬ್ಬಿಣದ್ದೋ, ಅಲ್ಯೂಮಿನಿಯಂದೋ? ಬರೆಯಿರಿ.

3. ನಿಮ್ಮ ತೋಟದಲ್ಲಿ, ಹೊಲದಲ್ಲಿ ಜೋತು ಬಿದ್ದ ತಂತಿ ಇದೆಯೇ? ಯಾವ ಕಂಬದಿಂದ ಯಾವ ಕಂಬದವರೆಗೆ? ಕಂಬದ ಮೇಲಿನ ನಂಬರು ದೂರದಿಂದಲೇ ಓದಿ ಬರೆದುಕೊಳ್ಳಿ. ಅದನ್ನು ಬೆಸ್ಕಾಂ ಕಚೇರಿಗೆ ಕೊಡಲು ಒಂದು ಅರ್ಜಿ ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿ.